ಅಳಿಯದ ಆನಂದ: ಇಬ್ಬರು ಗುರುಗಳ ಚರಿತ್ರೆ



ನಮ್ಮ ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯನ್ನು ಕುರಿತು ಲೇಖನವೊಂದನ್ನು ಬರೆಯಬೇಕೆಂದು ಸಮಿತಿಯವರು ಕೇಳಿಕೊಂಡಿದ್ದಾರೆ. ಕಟ್ಟಡದ ಕಥೆಯನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ವೃತ್ತಾಂತವನ್ನೂ ಬೇರೆ ಲೇಖಕರಿಗೆ ಬಿಟ್ಟು, ನಾವು ಇನ್ನೂ ಹಿಂದಿನ ಕಾಲಕ್ಕೆ ಹೋಗಲು ಮನಸ್ಸು ಮಾಡಿದೆವು. ಗಾಂಧಿ ಚೌಕದಿಂದ ಪೂರ್ವಕ್ಕೆ ನಡೆದರೆ ಗೋಲಗುಂಬಜ ಸಿಗುತ್ತದೆ. ಅದರೊಳಗೆ ಚಿರನಿದ್ರೆಯಲ್ಲಿರುವ ಮುಹಮ್ಮದ್ ಆದಿಲ್‌ಶಾಹನು (1627–1656) ಈ ನಾಡನ್ನು ಆಳುತ್ತಿದ್ದಾಗಲೇ, 1637ರಲ್ಲಿ, ಎಂಟನೆಯ ಉರ್ಬಾನ್ ಜಗದ್ಗುರುಗಳ ಕಾಲದಲ್ಲಿ, ರೋಮಿನ ಪರಮಪೀಠವು ‘ಇದಲ್‌ಕಾನ್’ ರಾಜ್ಯಕ್ಕೆ, ಎಂದರೆ ಆದಿಲ್‌ಶಾಹಿ ಬಿಜಾಪುರಕ್ಕೆ, ಒಬ್ಬ ವಿಕಾರ್ ಅಪೋಸ್ತಲಿಕರನ್ನು ನೇಮಿಸಿತು. ಅವರು ಯುರೋಪಿನವರಲ್ಲ. ಗೋವೆಯ ದಿವಾಡಿ ದ್ವೀಪದ ಮತ್ತೇವುಸ್ ದೆ ಕಾಸ್ತ್ರೋ ಅವರು. ಲತೀನ್ ವಿಧಿಯ ಧರ್ಮಸಭೆಯಲ್ಲಿ ಧರ್ಮಾಧ್ಯಕ್ಷ ಪದವಿಗೇರಿದ ಪ್ರಥಮ ಭಾರತೀಯರು ಇವರೇ. ಆ ಪದವಿಗೆ ನಮ್ಮ ಊರಿನ ಹೆಸರು ಅಂಟಿಕೊಂಡಿತ್ತೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಈ ಮಹನೀಯರ ಜೀವನ ಸುಖದ್ದಾಗಿರಲಿಲ್ಲ. ಬಾಲ್ಯದಿಂದಲೇ ಗುರುವಾಗಬೇಕೆಂಬ ಹಂಬಲವಿದ್ದರೂ, ದೇಶೀಯನೆಂಬ ಕಾರಣಕ್ಕಾಗಿ ಗೋವೆಯಲ್ಲಿ ಅವರಿಗೆ ಗುರುದೀಕ್ಷೆ ದೊರೆಯಲಿಲ್ಲ. 1621ರಲ್ಲಿ ಊರು ಬಿಟ್ಟವರು 1625ರ ಹೊತ್ತಿಗೆ ರೋಮ್ ತಲಪಿ, ಅಲ್ಲಿ ಓದಿ ದೀಕ್ಷೆ ಪಡೆದರು, ಕಡೆಗೆ ಧರ್ಮಾಧ್ಯಕ್ಷರೂ ಆದರು. ಆದರೆ ತಾಯ್ನಾಡಿಗೆ ಮರಳಿದಾಗ ಅವರನ್ನು ಮಾನ್ಯ ಮಾಡಲು ಗೋವೆಯ ಅಧಿಕಾರಿಗಳು ಒಪ್ಪಲಿಲ್ಲ. ಇದರ ಹಿಂದೆ ದೊಡ್ಡದೊಂದು ತಕರಾರಿತ್ತು. ಪೂರ್ವದೇಶಗಳಲ್ಲಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕು ತನ್ನದೆಂದು ಪೋರ್ತುಗಲ್ಲಿನ ಅರಸೊತ್ತಿಗೆ ಸಾಧಿಸುತ್ತಿತ್ತು. ಇದಕ್ಕೆ ಪಾದ್ರೊಆದೊ ಎಂದು ಹೆಸರು. 1622ರಲ್ಲಿ ರೋಮಿನಲ್ಲಿ ಸ್ಥಾಪಿತವಾದ ಪ್ರೊಪಗಾಂದಾ ಫೀದೆ ಎಂಬ ಮಂಡಲಿಯಾದರೋ ವಿಕಾರ್ ಅಪೋಸ್ತಲಿಕರನ್ನು ನೇರವಾಗಿ ಕಳುಹಿಸತೊಡಗಿತ್ತು. ಮತ್ತೇವುಸರು ಈ ಎರಡು ಬಂಡೆಗಳ ನಡುವೆ ಸಿಕ್ಕಿದರು. ಗೋವೆಯ ಗಡಿಯಾಚೆ, ಆದಿಲ್‌ಶಾಹಿಗೆ ಸೇರಿದ್ದ ಡಿಚೋಲಿಯಲ್ಲಿ ನೆಲೆನಿಂತು, ಚರ್ಚು ಕಟ್ಟಿಸಿ, ದೇಶೀಯ ಯುವಕರಿಗೆ ದೀಕ್ಷೆ ಕೊಟ್ಟರು. ಆ ದೀಕ್ಷೆಗಳನ್ನು ಕುರಿತೂ ವಿವಾದವೆದ್ದಿತು. 1653ರಲ್ಲಿ ‘ಬ್ರಾಹ್ಮಣರ ಕನ್ನಡಿ’ ಎಂಬರ್ಥದ ಶೀರ್ಷಿಕೆಯಿಟ್ಟು ಪೋರ್ತುಗೀಜರ ವಿರುದ್ಧ ಕಟುವಾದ ಲೇಖನವನ್ನು ಬರೆದರು. ಮಾರನೆಯ ವರ್ಷ ಬಿಜಾಪುರದ ಸೈನ್ಯ ಗೋವೆಯ ಮೇಲೆ ಏರಿಹೋದಾಗ, ಇದರಲ್ಲಿ ಬಿಷಪ್ಪರ ಕೈವಾಡವಿದೆಯೆಂದು ಪೋರ್ತುಗೀಜರು ದೂರಿದರು. ಕೊನೆಗೆ ರೋಮ್ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಅಲ್ಲಿಯೇ, ತಾಯ್ನಾಡಿನಿಂದ ಬಹುದೂರದಲ್ಲಿ, ಅವರ ಅಂತ್ಯವಾಯಿತು.

ಅವರು ಎತ್ತಿದ ದೂರು ಸುಳ್ಳಾಗಿತ್ತೇ? ಖಂಡಿತ ಅಲ್ಲ. ದೇಶೀಯರು ಧರ್ಮಸಭೆಯನ್ನು ನಡೆಸಬಲ್ಲರೆಂದು ಅವರು ವಾದಿಸಿದ್ದು ಸತ್ಯವೆಂದು ಕಾಲವೇ ತೋರಿಸಿದೆ. ಆದರೆ ಆ ಕಾಲ ಬರಲು ಬಹಳ ತಡವಾಯಿತು. ತೂತುಕುಡಿಯ ಧರ್ಮಾಧ್ಯಕ್ಷರಾಗಿ ತಿಬೂರ್ತಿಯುಸ್ ರೋಚ್ ಅವರು ನೇಮಕಗೊಂಡದ್ದು 1923ರಲ್ಲಿ! ಇಂದು ಭಾರತೀಯ ಧರ್ಮಾಧ್ಯಕ್ಷರ ಕೈಯಿಂದ ದೃಢೀಕರಣ ಸಂಸ್ಕಾರವನ್ನು ಪಡೆಯುವ ನಮ್ಮ ಮಕ್ಕಳು ಮತ್ತೇವುಸರಿಗೆ ಋಣಿಗಳು. ಹಾಗಿದ್ದರೂ ಅವರ ಜೀವನವನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ನ್ಯಾಯ ಅವರ ಕಡೆಗಿತ್ತು, ನೆಮ್ಮದಿ ಇರಲಿಲ್ಲ. ಅನ್ಯಾಯವನ್ನು ಎದುರಿಸುತ್ತ ಎದುರಿಸುತ್ತ ಆ ಅನ್ಯಾಯವೇ ಅವರ ಹಗಲಿರುಳುಗಳನ್ನು ಆಕ್ರಮಿಸಿತು.

ಇದೇ ಗಾಯವನ್ನು ಹೊತ್ತ ಇನ್ನೊಬ್ಬರನ್ನು ನೋಡೋಣ. ಮತ್ತೇವುಸರ ಸೋದರ ಸಂಬಂಧದ ಕಿರಿಯರಾದ ತೋಮಾಸ್ ದೆ ಕಾಸ್ತ್ರೋ ಅವರನ್ನು ರೋಮ್ ಕೆನರಾ ಸೀಮೆಗೆ ವಿಕಾರ್ ಅಪೋಸ್ತಲಿಕರನ್ನಾಗಿ ನೇಮಿಸಿತು. ಅವರು ಮಂಗಳೂರಿನಲ್ಲಿ ನೆಲೆಸಿದರು. ಅದು ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲ. ಹಳೆಯ ತಕರಾರು ಅಲ್ಲಿಯೂ ಭುಗಿಲೆದ್ದಿತು. ಗೋವೆಯ ಪಕ್ಷವೊಂದು, ತೋಮಾಸರ ಪಕ್ಷವೊಂದು. ಇದು ಬಿಷಪ್ಪರುಗಳ ಮಾನಾಪಮಾನದ ಪ್ರಶ್ನೆ ಮಾತ್ರವಾಗಿದ್ದರೆ ಸಾಮಾನ್ಯ ಭಕ್ತರು ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ಧರ್ಮಸಭೆಯ ನಿಯಮದಂತೆ, ಪಾಪನಿವೇದನೆಯನ್ನು ಕೇಳಿ ಕ್ಷಮೆ ನೀಡಲೂ ವಿವಾಹಕ್ಕೆ ಸಾಕ್ಷಿಯಾಗಲೂ ಗುರುವಿಗೆ ಯೋಗ್ಯ ಅಧಿಕಾರಿಯಿಂದ ಅಪ್ಪಣೆ ಇರಬೇಕು. ಯಾರು ಯೋಗ್ಯ ಅಧಿಕಾರಿಯೆಂಬುದೇ ಸಂದೇಹವಾದಾಗ, ನಮ್ಮ ಮದುವೆ ಮದುವೆಯೇ, ಸಾಯುವ ಹೊತ್ತಿನಲ್ಲಿ ಅಪ್ಪನಿಗೆ ದೊರೆತ ಪಾಪಕ್ಷಮೆ ನಿಜವಾದದ್ದೇ ಎಂಬ ಅಳುಕು ಮನೆಮನೆಯನ್ನೂ ಹೊಕ್ಕಿತು. ಹಿರಿಯರ ಜಗಳದ ಸುಂಕವನ್ನು ಕಟ್ಟಿದವರು ಬಡವರು.

ಇಂಥ ನಾಡಿಗೆ 1681ರಲ್ಲಿ ಗೋವೆಯಿಂದ ಮೂವತ್ತು ವರ್ಷದ ಗುರುವೊಬ್ಬರು ಬಂದರು. 1651ರ ಏಪ್ರಿಲ್ 21ರಂದು ಬಾಣಾವಲಿಯಲ್ಲಿ ಜನಿಸಿದ ಜೋಸೆಫ್ ವಾಜ್ ಅವರೇ ಈ ಗುರುಗಳು. ಬರುವ ಮೊದಲೇ, 1677ರ ಆಗಸ್ಟ್ 5ರಂದು, ತಮ್ಮನ್ನು ಮಾತೆ ಮರಿಯಳಿಗೆ ದಾಸನನ್ನಾಗಿ ಒಪ್ಪಿಸಿಕೊಳ್ಳುವ ಪತ್ರವೊಂದನ್ನು ಬರೆದು ಸಹಿ ಹಾಕಿದ್ದರು. ಗೋವೆಯವರು ಅವರನ್ನು ಕಳುಹಿಸಿದ್ದು ತಮ್ಮ ಪರವಾದ ಮೇಲಧಿಕಾರಿಯಾಗಿ, ಎಂದರೆ ತೋಮಾಸರಿಗೆ ಎದುರಾಳಿಯಾಗಿ. ವಾಜರು ಮಾಡಿದ್ದೇನು? ತೋಮಾಸರ ಬಳಿಗೆ ಹೋದರು. ರೋಮಿನ ನೇಮಕ ನಿಜವಾದುದೆಂದು ಮನಗಂಡರು. ಮೇಲಿನಿಂದ ತೀರ್ಪು ಬರುವ ತನಕ ಅವರ ಅಧಿಕಾರವನ್ನು ಒಪ್ಪಿ, ಅವರಿಂದಲೇ ಅಪ್ಪಣೆ ಪಡೆದು ಸಂಸ್ಕಾರಗಳನ್ನು ನೀಡಿದರು. ತಮ್ಮನ್ನು ಕಳುಹಿಸಿದವರಿಗೂ ದ್ರೋಹವೆಸಗಲಿಲ್ಲ, ಗೋವೆಯ ಹಕ್ಕನ್ನು ಗೋವೆಯೇ ವಾದಿಸಿಕೊಳ್ಳಲಿ ಎಂದು ಬಿಟ್ಟರು. ಇಷ್ಟರಿಂದ ತಕರಾರು ಮುಗಿಯಲಿಲ್ಲ. ಆದರೆ ಜನರ ಮನಸ್ಸಾಕ್ಷಿಗೆ ನೆಮ್ಮದಿ ದೊರೆಯಿತು. ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ, ಹೊನ್ನಾವರಗಳ ಕಡೆ ನಡೆದು, ಚರ್ಚುಗಳನ್ನು ಎಬ್ಬಿಸಿ, ಶಾಲೆಗಳನ್ನು ತೆರೆದು, 1684ರಲ್ಲಿ ಅವರು ಗೋವೆಗೆ ಮರಳಿದರು. ಮುಡಿಪುವಿನ ಬೆಟ್ಟದಲ್ಲಿ ಭಕ್ತರು ಅವರನ್ನು ಈಗಲೂ ನೆನೆಯುತ್ತಾರೆ.

ವಿಧೇಯತೆಯೆಂದರೆ ಬೆನ್ನೆಲುಬಿಲ್ಲದವರ ಗುಣವೆಂದು ಕೆಲವರು ಭಾವಿಸುತ್ತಾರೆ. ಮೇಲಿನ ಪ್ರಸಂಗವನ್ನು ಅವರು ಇನ್ನೊಮ್ಮೆ ಓದಬೇಕು. ಯಾರಿಗೆ ತಲೆಬಾಗಿದರೆ ತನಗೆ ಲಾಭವೋ ಅವರಿಗೆ ತಲೆಬಾಗುವುದು ಸುಲಭ. ತನ್ನ ಪಕ್ಷದವರ ಸಿಟ್ಟನ್ನು ತಲೆಯ ಮೇಲೆ ಹಾಕಿಕೊಂಡು ಸತ್ಯಕ್ಕೆ ತಲೆಬಾಗಿದವರು ವಾಜರು. ದೇಶೀಯ ಗುರುಗಳಿಗಾದ ಅವಮಾನವನ್ನೂ ಅವರು ಮರೆತವರಲ್ಲ. ಸನ್ಯಾಸಿ ಸಭೆಗಳ ಬಾಗಿಲು ಆಗ ನಮ್ಮವರಿಗೆ ಮುಚ್ಚಿತ್ತು. 1685ರಲ್ಲಿ ಹಳೆ ಗೋವೆಯ ಪವಾಡ ಶಿಲುಬೆಯ ಚರ್ಚಿನಲ್ಲಿ ಕೂಡಿ ಬಾಳಲು ಆರಂಭಿಸಿದ ದೇಶೀಯ ಗುರುಗಳ ಜೊತೆ ಸೇರಿ, ಸಂತ ಫಿಲಿಪ್ ನೇರಿಯವರ ಮಾದರಿಯ ಒರತೋರಿ ಮಠವನ್ನು ಅವರು ನೆಲೆಗೊಳಿಸಿದರು. ಮುಚ್ಚಿದ ಬಾಗಿಲನ್ನು ಬಡಿಯುತ್ತ ನಿಲ್ಲಲಿಲ್ಲ, ಪಕ್ಕದಲ್ಲಿ ಇನ್ನೊಂದು ಮನೆ ಕಟ್ಟಿದರು. (ಆ ಮನೆಯೂ ನಿರ್ದೋಷಿಯಾಗಿರಲಿಲ್ಲ. ಬ್ರಾಹ್ಮಣ ಮೂಲದ ಕ್ರೈಸ್ತರಿಗಷ್ಟೇ ಅಲ್ಲಿ ಪ್ರವೇಶವಿತ್ತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಜ್ಞಾನಸ್ನಾನದ ನೀರು ತೊಳೆದ ಮೇಲೂ ಜಾತಿಯ ಕಲೆ ಎಷ್ಟು ಗಟ್ಟಿಯಾಗಿ ಕೂರುತ್ತದೆಂಬುದನ್ನು ನಮ್ಮ ಮದುವೆ ಮಾತುಕತೆಗಳಲ್ಲಿ ಇಂದಿಗೂ ಕಾಣುತ್ತೇವೆ.)

ಮುಂದಿನ ಕಥೆ ನಿಮಗೆ ಗೊತ್ತಿರುವುದೇ. ಡಚ್ಚರು ಕಥೋಲಿಕ ಗುರುಗಳನ್ನು ಬಹಿಷ್ಕರಿಸಿದ್ದ ಲಂಕೆಗೆ, 1687ರಲ್ಲಿ, ಜೋಸೆಫ್ ವಾಜರು ಕೂಲಿಯವನ ವೇಷದಲ್ಲಿ ಇಳಿದರು. ಇಳಿದೊಡನೆ ರೋಗ ಹಿಡಿಯಿತು. 1692ರಲ್ಲಿ ಕ್ಯಾಂಡಿಯಲ್ಲಿ ಪೋರ್ತುಗೀಜರ ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾಯಿತು. ಸೆರೆಯಲ್ಲಿ ಕುಳಿತು ಸಿಂಹಳ ಭಾಷೆ ಕಲಿತರು. 1697ರಲ್ಲಿ ಸಿಡುಬು ಹರಡಿ, ಮನೆಯವರೇ ರೋಗಿಗಳನ್ನು ಬಿಟ್ಟೋಡಿದಾಗ, ಅವರನ್ನು ತೊಳೆದು ಉಣ್ಣಿಸಿದವರು ಈ ಗುರು. ಧರ್ಮಾಧ್ಯಕ್ಷರ ಸಮಾನವಾದ ಅಧಿಕಾರ ತಾನಾಗಿ ಹುಡುಕಿಕೊಂಡು ಬಂದಾಗ ಬೇಡವೆಂದರು. ತಾಯ್ನಾಡನ್ನು ಮತ್ತೆ ಕಾಣದೆ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. ಎರಡನೆಯ ಯೊವಾನ್ ಪೌಲ್ ಜಗದ್ಗುರುಗಳು 1995ರಲ್ಲಿ ಅವರನ್ನು ಪುನೀತರೆಂದೂ, ಫ್ರಾನ್ಸಿಸ್ ಜಗದ್ಗುರುಗಳು 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಇಬ್ಬರೂ ಪರದೇಶದಲ್ಲಿ ಸತ್ತರು, ಇಬ್ಬರೂ ಕಷ್ಟಪಟ್ಟರು. ಆದ್ದರಿಂದ ದೇವರಿಗೆ ವಿಧೇಯನಾದವನಿಗೆ ಕಷ್ಟ ಬಾರದೆಂದು ನಾವು ಪ್ರಸಂಗಪೀಠದಿಂದ ಹೇಳಿದರೆ ಅದು ಸುಳ್ಳು ಮಾತಾದೀತು. ಯೊವಾನ್ನರ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮ ಆಜ್ಞೆಗಳನ್ನು ಪಾಲಿಸುವ ವಿಷಯವನ್ನೂ ತಮ್ಮ ಆನಂದವನ್ನು ಶಿಷ್ಯರಿಗೆ ಕೊಡುವ ವಿಷಯವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಹೇಳಿದ್ದು ಶಿಲುಬೆಗೇರುವ ಹಿಂದಿನ ರಾತ್ರಿ. ವಾಜರ ಆನಂದ ಈ ಬಗೆಯದು. ದಿನವೂ ಮುಂದೆ ಬಿದ್ದ ಕೆಲಸವನ್ನು, ಅದು ರೋಗಿಯ ಹಾಸಿಗೆ ತೊಳೆಯುವುದಿರಲಿ, ಹೊಸ ಭಾಷೆಯ ಅಕ್ಷರ ತಿದ್ದುವುದಿರಲಿ, ದೇವರ ಅಪ್ಪಣೆಯೆಂದು ಎತ್ತಿಕೊಂಡರು. ಲೆಕ್ಕ ಇಟ್ಟುಕೊಳ್ಳಲಿಲ್ಲ.

ಇಷ್ಟು ಹಳೆಯ ಕಥೆಯನ್ನು ಈಗ ಏಕೆ ತೆಗೆದೆವೆಂದು ನೀವು ಕೇಳಬಹುದು. ಬಿಜಾಪುರದ ಹಳೆಯ ವಿಕಾರಿಯತು ಎಂದೋ ಮರೆಯಾಯಿತು. 1886ರಲ್ಲಿ ಪುಣೆ, 1953ರಲ್ಲಿ ಬೆಳಗಾವಿ, 2005ರಲ್ಲಿ ಕಲಬುರಗಿ ಧರ್ಮಪ್ರಾಂತಗಳು ಸ್ಥಾಪಿತವಾದವು. ಯಾರ ಅಧಿಕಾರ ಎಲ್ಲಿ ಎಂಬ ಸಂದೇಹ ಈಗಿಲ್ಲ. ಆದರೆ ಪಕ್ಷಗಳು ಇಲ್ಲವೆನ್ನಬಹುದೇ? ನಮ್ಮಲ್ಲಿ ಹಲವು ಮನೆಮಾತುಗಳವರಿದ್ದೇವೆ. ಯಾವ ಭಾಷೆಯ ಬಲಿಪೂಜೆ ಎಷ್ಟು ಗಂಟೆಗೆ, ಗಾಯನ ಯಾರದು, ಶತಮಾನೋತ್ಸವದ ಕಲ್ಲಿನ ಮೇಲೆ ಯಾರ ಹೆಸರು ಮೊದಲು ಎಂಬ ಮಾತುಗಳು ಈ ವರ್ಷವೂ ನಮ್ಮ ಕಿವಿಗೆ ಬಿದ್ದಿವೆ. ಅವುಗಳಲ್ಲಿ ಕೆಲವು ದೂರುಗಳು ನ್ಯಾಯವಾದವೇ. ನ್ಯಾಯವಾದ ದೂರನ್ನು ಹೇಳಬೇಕು, ನಾವು ಕೇಳಬೇಕು. ಆದರೆ ಎರಡು ಪಕ್ಷಗಳೂ ಬಿಡಿಸಿಕೊಳ್ಳಲಾಗದ ಜಗಳದ ನಡುವೆ ನಿಮ್ಮ ಮಗು ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುತ್ತಿದೆ ಎಂಬುದನ್ನೂ ನೆನೆಯಿರಿ.

ಗಾಂಧಿ ಚೌಕದ ಅಂಗಡಿಯಲ್ಲಿ ತಕ್ಕಡಿ ಹಿಡಿದವರು ತೂಕ ಸರಿಯಾಗಿ ಕೊಡುವುದು, ಕಚೇರಿಯಲ್ಲಿರುವವರು ಬಡವನ ಅರ್ಜಿಯನ್ನು ನಾಳೆಗೆ ತಳ್ಳದಿರುವುದು, ದುಡಿದು ದಣಿದ ರಾತ್ರಿಯೂ ಮನೆಯವರೆಲ್ಲ ಕೂಡಿ ಜಪಸರ ಮಾಡುವುದು, ಮಾತು ಬಿಟ್ಟ ಅಣ್ಣನ ಮನೆಗೆ ತಾನಾಗಿ ಹೋಗುವುದು. ದಿನನಿತ್ಯದ ವಿಧೇಯತೆಗೆ ಲಂಕೆಯ ತನಕ ಹೋಗಬೇಕಾಗಿಲ್ಲ. ಹೀಗೆ ಬಾಳಿದ ಕೆಲವು ವೃದ್ಧರನ್ನು ಈ ಧರ್ಮಕೇಂದ್ರದಲ್ಲಿ ನಾವು ಕಂಡಿದ್ದೇವೆ. ಅವರಿಗೆ ಅಂತ್ಯಾಭ್ಯಂಗ ಕೊಡಲು ಹೋದಾಗ ನಾವು ಸಮಾಧಾನ ಹೇಳಬೇಕಾಗಿರಲಿಲ್ಲ. ಅವರೇ ನಮಗೆ ಚಹ ಮಾಡಿಸಿದರು.

ಶತಮಾನೋತ್ಸವದ ಬಲಿಪೂಜೆಯಲ್ಲಿ ಸಂತ ಜೋಸೆಫ್ ವಾಜರ ಪ್ರಾರ್ಥನಾ ಸಹಾಯವನ್ನು ಕೋರುವೆವು. ಅಗಲಿದವರ ಸ್ಮರಣೆಯ ವೇಳೆ, ಈ ಧರ್ಮಕೇಂದ್ರದ ಮೃತರ ಹೆಸರುಗಳ ಜೊತೆಯಲ್ಲಿ, ಬಿಜಾಪುರದ ವಿಕಾರ್ ಅಪೋಸ್ತಲಿಕರಾಗಿದ್ದ ಮತ್ತೇವುಸ್ ದೆ ಕಾಸ್ತ್ರೋ ಅವರ ಹೆಸರನ್ನೂ ಓದಲಾಗುವುದು. ಎಲ್ಲರೂ ಸಕುಟುಂಬರಾಗಿ ಬರಬೇಕು.