ದೇವರ ಗಿಡಗಳು: ಹಿತ್ತಲಿನಿಂದ ವನಕ್ಕೆ

ನಕ್ಷತ್ರವನ, ನವಗ್ರಹವನ, ಪಂಚವಟಿ ಮುಂತಾದ ಹೆಸರುಗಳಲ್ಲಿ ಶಾಸ್ತ್ರೋಕ್ತ ಗಿಡಮರಗಳನ್ನು ಒಂದೇ ಆವರಣದಲ್ಲಿ ಬೆಳೆಸುವ ರೂಢಿ ಕರ್ನಾಟಕದಲ್ಲಿ ಹರಡಿದ್ದು ಈಚಿನ ದಶಕಗಳಲ್ಲಿ. ಮಠ, ದೇವಸ್ಥಾನ, ಶಾಲೆಗಳಲ್ಲದೆ ಅರಣ್ಯ ಇಲಾಖೆಯೂ ದೈವೀವನಗಳನ್ನು ಬೆಳೆಸಿದೆ. ಇವುಗಳ ಹಿಂದಿರುವ ಗಿಡಜ್ಞಾನ ಮಾತ್ರ ಬಹಳ ಹಳೆಯದು. ಚಾವುಂಡರಾಯನ ಕನ್ನಡ ಕೃತಿ ‘ಲೋಕೋಪಕಾರ’ (ಸುಮಾರು 1025) ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ.

ನವಗ್ರಹವನಕ್ಕೆ ಆಧಾರ ಯಾಜ್ಞವಲ್ಕ್ಯ ಸ್ಮೃತಿಯ ಗ್ರಹಶಾಂತಿ ಪ್ರಕರಣ. ಸೂರ್ಯನಿಗೆ ಎಕ್ಕ, ಚಂದ್ರನಿಗೆ ಮುತ್ತುಗ, ಕುಜನಿಗೆ ಕಗ್ಗಲಿ, ಬುಧನಿಗೆ ಉತ್ತರಾಣಿ, ಗುರುವಿಗೆ ಅರಳಿ, ಶುಕ್ರನಿಗೆ ಅತ್ತಿ, ಶನಿಗೆ ಬನ್ನಿ, ರಾಹುವಿಗೆ ಗರಿಕೆ, ಕೇತುವಿಗೆ ದರ್ಭೆ ಎಂದು ಅದು ಸಮಿತ್ತುಗಳನ್ನು ಹೇಳುತ್ತದೆ. ಹೋಮಕ್ಕೆ ಹಾಕಲೆಂದು ಕೊಟ್ಟ ಪಟ್ಟಿಯೇ ಈಗ ನೆಡುವವರ ಪಟ್ಟಿಯಾಗಿದೆ.

ಶಿವಮೊಗ್ಗ ಸೀಮೆಯಲ್ಲಿ ಗಿಡ ಗುರುತಿಸುವ ಪಾಠ ಮೊದಲು ನಡೆಯುತ್ತಿದ್ದುದು ಅರಳಿಕಟ್ಟೆಯಲ್ಲಿ, ಊರ ಕಾನಿನಲ್ಲಿ, ಮನೆಯ ಹಿತ್ತಲಲ್ಲಿ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಒಂದು ಲಕ್ಕಿ ಗಿಡವೇ ಕ್ಷೇತ್ರದ ಕಥೆಯನ್ನು ಹೊತ್ತು ನಿಂತಿದೆ. ಯಕ್ಷಿ ಪದ್ಮಾವತಿಯ ಮೂರ್ತಿಯೊಂದಿಗೆ ಬಂದ ರಾಜಕುಮಾರ ಜಿನದತ್ತರಾಯ ಲಕ್ಕಿಯ ನೆರಳಲ್ಲಿ ತಂಗಿದನೆಂದು ಜೈನ ಐತಿಹ್ಯ. ಅದೇ ಲಕ್ಕಿ ಗಣೇಶನ ಇಪ್ಪತ್ತೊಂದು ಪತ್ರೆಗಳಲ್ಲೂ ಇದೆ.

ಚೌತಿಯ ಪತ್ರೆ ಕೊಯ್ಯುವುದೇ ಮಕ್ಕಳಿಗೆ ದೊಡ್ಡ ಶಾಲೆ. ಒಂದೇ ತೊಟ್ಟಿಗೆ ಮೂರು ದಳವಿದ್ದರೆ ಬಿಲ್ವ. ಕೊಯ್ಯುವಾಗ ಮುಳ್ಳಿನ ಎಚ್ಚರ ಬೇಕು. ಲಕ್ಕಿಯ ಎಲೆಯನ್ನು ಹೊಸಕಿದರೆ ಘಾಟು ಮೂಗಿಗೆ ಅಡರುತ್ತದೆ. ಉತ್ತರಾಣಿಯ ಬೀಜ ಬಟ್ಟೆಗೆ ಅಂಟಿಕೊಂಡು ಮನೆವರೆಗೂ ಬರುತ್ತದೆ. ಎಕ್ಕದ ಹಾಲು ತಾಗಿದ ಕೈಯಿಂದ ಕಣ್ಣು ಮುಟ್ಟಬಾರದೆಂದು ಹಿರಿಯರು ಗದರುತ್ತಾರೆ. ಹೆಸರು, ಮಂತ್ರ, ವಾಸನೆ, ಎಚ್ಚರ ಎಲ್ಲವೂ ಒಟ್ಟಿಗೇ ಮನಸ್ಸಿಗೆ ಇಳಿಯುವ ಕಲಿಕೆ ಇದು. ಆದರೆ ಶಿವಮೊಗ್ಗ ನಗರದ ದುರ್ಗಿಗುಡಿಯಂಥ ಅಂಗಡಿಸಾಲುಗಳ ಬೀದಿಯಲ್ಲಿ ಹಿತ್ತಲಿಗೆ ಜಾಗವೆಲ್ಲಿ? ಪತ್ರೆ ಅಲ್ಲಿನ ಮನೆಗಳಿಗೆ ಸಂತೆಯಿಂದ ಕಟ್ಟಾಗಿ ಬರುತ್ತದೆ. ಯಾವ ಎಲೆ ಯಾವ ಗಿಡದ್ದೆಂಬುದು ಮರೆಯಾಗುತ್ತದೆ. ನೆಟ್ಟು ಬೆಳೆಸಿದ ವನ ಬೇಕಾಗುವುದು ಇಂಥ ಕಡೆಗೇ.

ಬೇರೆ ಧರ್ಮಗಳಲ್ಲೂ ಇದೇ ಪ್ರಯತ್ನ ನಡೆದಿದೆ. ಇಸ್ರೇಲಿನ ನೆಯೋತ್ ಕೆದುಮೀಮ್ ಬೈಬಲಿನ ಸಸ್ಯಗಳ ವನ. ಕತಾರಿನಲ್ಲಿ ಕುರಾನಿನ ಸಸ್ಯೋದ್ಯಾನದ ಯೋಜನೆ 2008ರಲ್ಲಿ ಶುರುವಾಯಿತು.

ಬರಿಯ ನಾಮಫಲಕ ಓದಿಸುವ ವನಕ್ಕಿಂತ ಉದುರಿದ ಎಲೆಯನ್ನು ಕೈಗೆತ್ತಿಕೊಂಡು ಮೂಸಲು ಬಿಡುವ ವನ ಹೆಚ್ಚು ಕಲಿಸುತ್ತದೆ. ನವಗ್ರಹವನವನ್ನು ನೆಡುವುದರಲ್ಲೂ ಒಂದು ತೊಡಕಿದೆ. ಗ್ರಹಗಳ ದಿಕ್ಕಿನ ಪ್ರಕಾರ ಸೂರ್ಯನ ಎಕ್ಕ ನಡುವೆ, ಗುರುವಿನ ಅರಳಿ ಉತ್ತರಕ್ಕೆ, ಶುಕ್ರನ ಅತ್ತಿ ಪೂರ್ವಕ್ಕೆ. ಜಾಗ ಇಕ್ಕಟ್ಟಾದರೆ ಕೆಲವೇ ವರ್ಷಗಳಲ್ಲಿ ಆ ಹೆಮ್ಮರಗಳ ನೆರಳು ಕವಿದು, ಬಿಸಿಲು ಬೇಡುವ ಎಕ್ಕ, ಗರಿಕೆ, ದರ್ಭೆ ಸೊರಗುತ್ತವೆ. ಆದ್ದರಿಂದ ಮರಗಳ ನಡುವೆ ಧಾರಾಳ ಅಂತರ ಬಿಡಬೇಕು, ಇಲ್ಲವೇ ಕೊಂಬೆಗಳನ್ನು ಆಗಾಗ ಸವರುತ್ತಿರಬೇಕು.