ವೃಷಭಾವತಿ: ಬಸವನ ಪಾದದಿಂದ ಕಾವೇರಿಯ ಸಂಗಮದವರೆಗೆ

ಬೆಂಗಳೂರು: ಗೋವಿಂದರಾಜನಗರ, ವಿಜಯನಗರ, ಬಸವೇಶ್ವರನಗರದ ಅನೇಕ ಮನೆಗಳಲ್ಲಿ ಇಂದಿಗೂ ಮುಂಜಾನೆಯ ಪೂಜೆ ಆರಂಭವಾಗುವುದು ಕಲಶದ ನೀರಿಗೆ ಸಪ್ತನದಿಗಳನ್ನು ಆವಾಹಿಸುವ ಮೂಲಕ. ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು ಮತ್ತು ಕಾವೇರಿ ಆ ಏಳು ನದಿಗಳು. ಆರು ನದಿಗಳು ಮಂತ್ರದ ಮೂಲಕ ಕಲಶಕ್ಕೆ ಬಂದರೆ, ಏಳನೆಯದು ನಲ್ಲಿಯ ಮೂಲಕವೇ ಬಂದಿರುತ್ತದೆ. ಇದೇ ನೀರು ಬಳಕೆಯಾಗಿ ಮನೆಯಿಂದ ಹೊರಬಿದ್ದ ಮೇಲೆ ಕೊನೆಗೆ ಸೇರುವುದೂ ಕಾವೇರಿಯನ್ನೇ. ಆ ದಾರಿಯ ಹೆಸರು ವೃಷಭಾವತಿ.

ಮೈಸೂರು ರಸ್ತೆಯಲ್ಲಿ ನಿತ್ಯ ಸಂಚರಿಸುವವರು ಮೂಗು ಮುಚ್ಚಿಕೊಂಡು ದಾಟುವ, ಜನರ ಬಾಯಲ್ಲಿ 'ಕೆಂಗೇರಿ ಮೋರಿ' ಎಂದಾಗಿರುವ ಈ ಹರಿವು ಒಂದು ನದಿ ಎಂಬುದೇ ನಗರದ ಹೊಸ ತಲೆಮಾರಿಗೆ ಮರೆತುಹೋಗಿದೆ. ಆದರೆ ಅದರ ದಂಡೆಯ ದೇವಾಲಯಗಳು, ಜಾತ್ರೆಗಳು ಮತ್ತು ನಂಬಿಕೆಗಳು ಇನ್ನೂ ಆ ನೆನಪನ್ನು ಉಳಿಸಿಕೊಂಡಿವೆ.

ಉಗಮದ ಕಥೆಗಳು

'ವೃಷಭ' ಎಂದರೆ ಎತ್ತು, ಬಸವ. ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ಈ ನದಿ ಹುಟ್ಟುತ್ತದೆ ಎಂಬುದು ತಲೆಮಾರುಗಳಿಂದ ಬಂದ ನಂಬಿಕೆ. ನದಿಗೆ ಈ ಹೆಸರು ಬಂದಿರುವುದೂ ಇದರಿಂದಲೇ. ದೇವಾಲಯವು 16ನೇ ಶತಮಾನದಲ್ಲಿ ಕೆಂಪೇಗೌಡರ ಕಾಲದಲ್ಲಿ ನಿರ್ಮಾಣವಾಯಿತು ಎಂಬ ಪ್ರತೀತಿ ಇದೆ.

ಪ್ರತಿ ವರ್ಷ ಕಾರ್ತಿಕ ಮಾಸದ ಕಡೆಯ ಸೋಮವಾರ ಇಲ್ಲಿ ನಡೆಯುವ ಕಡಲೆಕಾಯಿ ಪರಿಷೆಯೂ ಇದೇ ಪರಿಸರದ ಬೇಸಾಯದ ನೆನಪು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮುಂತಾದ ಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವವೊಂದು ಮೇಯುತ್ತಿತ್ತು. ಅದನ್ನು ಶಾಂತಗೊಳಿಸಲು ರೈತರು ಮೊದಲ ಬೆಳೆಯನ್ನು ಬಸವಣ್ಣನಿಗೆ ಅರ್ಪಿಸುವ ಹರಕೆ ಹೊತ್ತರು ಎಂಬುದು ಪರಿಷೆಯ ಹಿಂದಿನ ಐತಿಹ್ಯ. ಆ ಹೊಲಗಳು ಇಂದು ಬಡಾವಣೆಗಳಾಗಿವೆ; ಪರಿಷೆ ಮಾತ್ರ ಉಳಿದಿದೆ.

ಮತ್ತೊಂದು ಕವಲನ್ನು ಮಲ್ಲೇಶ್ವರದ ಕಾಡು ಮಲ್ಲೇಶ್ವರ ಕ್ಷೇತ್ರದೊಂದಿಗೆ ಗುರುತಿಸಲಾಗುತ್ತದೆ. 1669ರ ಶಾಸನದಲ್ಲಿ 'ಮಲ್ಲಾಪುರ' ಎಂಬ ಹೆಸರಿನಿಂದ ಉಲ್ಲೇಖವಾಗಿರುವ ಈ ಸ್ಥಳಕ್ಕೆ ಶಿವಾಜಿಯ ಸಹೋದರ ಏಕೋಜಿಯ ನಂಟೂ ಇದೆ. ದೇವಾಲಯದ ಎದುರಿನ ನಂದಿ ತೀರ್ಥದಲ್ಲಿ ನಂದಿಯ ಬಾಯಿಂದ ಹರಿಯುವ ನೀರು ಶಿವಲಿಂಗದ ಮೇಲೆ ಬಿದ್ದು ಕಲ್ಯಾಣಿಯನ್ನು ಸೇರುತ್ತದೆ. ಬಹುಕಾಲ ಮಣ್ಣಿನಡಿ ಹುದುಗಿದ್ದ ಈ ಕಲ್ಯಾಣಿ ಬೆಳಕಿಗೆ ಬಂದದ್ದು 1990ರ ದಶಕದಲ್ಲಿ. ಎರಡೂ ಕವಲುಗಳ ಉಗಮದ ಕಥೆಯಲ್ಲಿ ಬಸವನೇ ಇರುವುದು ಗಮನಾರ್ಹ.

ಪಶ್ಚಿಮ ಬಡಾವಣೆಗಳ ಕಣಿವೆ

ಬೆಂಗಳೂರು ಎತ್ತರದ ದಿಬ್ಬದ ಮೇಲೆ ನಿಂತ ನಗರ. ಇಲ್ಲಿ ಬಿದ್ದ ಮಳೆ ಎರಡು ನದಿಗಳಿಗೆ ಹಂಚಿಹೋಗುತ್ತದೆ. ಹೆಬ್ಬಾಳ ಹಾಗೂ ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರಿದರೆ, ವೃಷಭಾವತಿ ಕಣಿವೆಯ ನೀರು ನೈಋತ್ಯಕ್ಕೆ ಹರಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ರಾಜಾಜಿನಗರ, ವಿಜಯನಗರ, ಗೋವಿಂದರಾಜನಗರ, ನಾಗರಬಾವಿ ಭಾಗಗಳ ರಾಜಕಾಲುವೆಗಳು ಇದೇ ಕಣಿವೆಗೆ ಸೇರಿದವು. ಅಂದರೆ ಈ ಬಡಾವಣೆಗಳ ನಿವಾಸಿಗಳೆಲ್ಲರೂ ಕಾವೇರಿ ಜಲಾನಯನ ಪ್ರದೇಶದವರೇ.

ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿ, ನದಿಯ ದಂಡೆಗೆ ಹೊಂದಿಕೊಂಡಂತೆ ಗಾಳಿ ಆಂಜನೇಯಸ್ವಾಮಿ ದೇವಾಲಯವಿದೆ. ವಿಜಯನಗರ ಅರಸರ ಗುರುಗಳಾಗಿದ್ದ ವ್ಯಾಸರಾಯರು ಇಲ್ಲಿ ಆಂಜನೇಯನನ್ನು ಪ್ರತಿಷ್ಠಾಪಿಸಿದರು ಎಂಬುದು ಕ್ಷೇತ್ರದ ಸಂಪ್ರದಾಯ. ಹರಿಯುವ ನೀರಿನ ಬಳಿ ದೇವರನ್ನು ನೆಲೆಗೊಳಿಸುವುದು ನಮ್ಮ ಹಳೆಯ ಪದ್ಧತಿ. 'ತೀರ್ಥ' ಎಂಬ ಶಬ್ದದ ಮೂಲಾರ್ಥವೇ ನದಿಯನ್ನು ದಾಟುವ ಸ್ಥಳ ಎಂದು. ಹೊಸ ವಾಹನ ಕೊಂಡವರು ಪೂಜೆ ಮಾಡಿಸಲು ಇಂದಿಗೂ ಈ ದೇವಾಲಯಕ್ಕೆ ಬರುತ್ತಾರೆ. ಆದರೆ ಪಕ್ಕದ ಹರಿವಿನಲ್ಲಿ ಕೈಕಾಲು ತೊಳೆದು ಒಳಹೋಗುವವರು ಯಾರೂ ಇಲ್ಲ.

ಬದಲಾದದ್ದು ಹೇಗೆ?

ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದು ಅರ್ಕಾವತಿಯಿಂದ: 1890ರ ದಶಕದಲ್ಲಿ ಹೆಸರಘಟ್ಟ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ. ನಗರ ಬೆಳೆದಂತೆ ಅದು ಸಾಲದಾಯಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ನಗರವನ್ನು ತಲುಪಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುವ ನೀರು ಇದು. 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೇ ಹಂತವೂ ಲೋಕಾರ್ಪಣೆಯಾಯಿತು.

ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80ರಷ್ಟು ತ್ಯಾಜ್ಯನೀರಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ನಲ್ಲಿಗೆ ಬರುವ ನೀರು ಹೆಚ್ಚಿದಷ್ಟೂ ಮೋರಿಗೆ ಹೋಗುವ ನೀರೂ ಹೆಚ್ಚುತ್ತದೆ. ಒಳಚರಂಡಿಗೆ ಸೇರದ ಮಲಿನ ನೀರು ರಾಜಕಾಲುವೆಗೆ ನುಗ್ಗಿತು. ಪೀಣ್ಯ ಭಾಗದ ಕೈಗಾರಿಕೆಗಳ ತ್ಯಾಜ್ಯವೂ ಕೂಡಿಕೊಂಡಿತು. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಸೊರಗುತ್ತಿದ್ದ ಸಣ್ಣ ಹೊಳೆ ವರ್ಷವಿಡೀ ಕಪ್ಪಾಗಿ ಹರಿಯತೊಡಗಿತು.

ಕೆಳಗಿನವರ ಪಾಡು

ಕೆಂಗೇರಿ ದಾಟಿದ ನದಿ ಬಿಡದಿ ಸಮೀಪದ ಭೈರಮಂಗಲ ಜಲಾಶಯವನ್ನು ತಲುಪುತ್ತದೆ. ಕೃಷಿಗೆಂದು 1940ರ ದಶಕದಲ್ಲಿ ನಿರ್ಮಿಸಿದ ಈ ಜಲಾಶಯ ನೊರೆಯ ಕಾರಣದಿಂದ ಅನೇಕ ಬಾರಿ ಸುದ್ದಿಯಾಗಿದೆ. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿನ ರೈತರಲ್ಲಿ ಹಲವರು ಕ್ರಮೇಣ ಹಿಪ್ಪುನೇರಳೆ, ಮೇವಿನ ಹುಲ್ಲು, ಎಳೆ ಜೋಳದಂಥ ಬೆಳೆಗಳತ್ತ ಹೊರಳಿದರು. ಆ ಮೇವು ತಿಂದ ಹಸುವಿನ ಹಾಲು, ಆ ನೀರಿನಲ್ಲಿ ಬೆಳೆದ ತರಕಾರಿ ಮತ್ತೆ ನಗರಕ್ಕೇ ಬರುತ್ತದೆ.

ಮುಂದೆ ಅರ್ಕಾವತಿಯಲ್ಲಿ ಲೀನವಾಗುವ ಈ ನೀರು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೆಂಗಳೂರು ನೀರೆತ್ತುವ ಸ್ಥಳ ಸಂಗಮಕ್ಕಿಂತ ಮೇಲಿದೆ. ಆದ್ದರಿಂದ ನಾವು ಬಿಟ್ಟದ್ದನ್ನು ನಾವು ಕುಡಿಯುವುದಿಲ್ಲ. ಅದು ಮೆಟ್ಟೂರು, ಶ್ರೀರಂಗಂ, ತಂಜಾವೂರಿನ ಕಡೆಗೆ ಸಾಗುತ್ತದೆ. ಅಲ್ಲಿ ಆಡಿ ಮಾಸದ ಹದಿನೆಂಟನೆಯ ದಿನ ಮಹಿಳೆಯರು ನದಿಗೆ ಪೂಜೆ ಸಲ್ಲಿಸಿ ಸ್ವಾಗತಿಸುವುದು ಇದೇ ಕಾವೇರಿಯನ್ನು. ಇತ್ತ ತುಲಾ ಸಂಕ್ರಮಣದಂದು ತಲಕಾವೇರಿಯ ತೀರ್ಥೋದ್ಭವಕ್ಕೆ ಕೈಮುಗಿಯುವ ನಗರವೂ ನಮ್ಮದೇ.

ಪ್ರಯತ್ನಗಳು

ಮೈಸೂರು ರಸ್ತೆಯ ಬದಿಯಲ್ಲಿ ಜಲಮಂಡಳಿಯ ತ್ಯಾಜ್ಯನೀರು ಸಂಸ್ಕರಣಾ ಘಟಕಗಳಿವೆ. 2020ರಲ್ಲಿ ನದಿಯ ಪುನಶ್ಚೇತನ ಕುರಿತು ಹೈಕೋರ್ಟ್ 'ನೀರಿ' ಸಂಸ್ಥೆಯ ತಜ್ಞರ ನೆರವು ಪಡೆಯುವಂತೆ ಸೂಚಿಸಿತು. ಈ ಕಣಿವೆಯ ನೀರನ್ನು ಸಂಸ್ಕರಿಸಿ ಬೆಂಗಳೂರು ಗ್ರಾಮಾಂತರ ಮತ್ತು ತುಮಕೂರು ಭಾಗದ ಕೆರೆಗಳಿಗೆ ಹರಿಸುವ ಯೋಜನೆಯನ್ನೂ ಸರ್ಕಾರ ಕೈಗೆತ್ತಿಕೊಂಡಿದೆ.

ನದಿಗೆ ಹೊಲಸು ಬಿಡುವುದು ದೋಷವೆಂದು ನಮ್ಮ ಧರ್ಮಶಾಸ್ತ್ರಗಳು ಹೇಳಿವೆ. ಅಪರಾಧವೆಂದು 1974ರ ಜಲಮಾಲಿನ್ಯ ತಡೆ ಕಾಯ್ದೆ ಹೇಳುತ್ತದೆ. ಎರಡಕ್ಕೂ ಕಲಶದ ಕಾವೇರಿ, ಮೋರಿಯ ಕಾವೇರಿ ಎಂಬ ಭೇದವಿಲ್ಲ. ಮನೆಯ ಒಳಚರಂಡಿ ಸಂಪರ್ಕ ಸರಿಯಿದೆಯೇ, ಕೊಳವೆ ರಾಜಕಾಲುವೆಗೆ ತೆರೆದುಕೊಂಡಿದೆಯೇ ಎಂಬುದನ್ನು ಪರಿಶೀಲಿಸುವ ಕೆಲಸ ಪಶ್ಚಿಮ ಬೆಂಗಳೂರಿನ ನಿವಾಸಿಯ ಪಾಲಿಗೆ ಬಂದ ನದಿಪೂಜೆ.