ಅಜ್ಜಿಯ ಮುಖದ ಮೇಲಿನ ಚುಕ್ಕೆ

ದೊಡ್ಡಪ್ಪ ಮುಂಬಯಿಯಿಂದ ತಂದಿದ್ದ ಫೆಡ್ ಕ್ಯಾಮರಾದ ಫೋಟೋಗಳಲ್ಲೆಲ್ಲ ಎಡಗಡೆ ಒಂದೇ ಜಾಗದಲ್ಲಿ ಒಂದು ಬಿಳಿ ಚುಕ್ಕೆಯಿದೆ. ಕಾರವಾರದ ಆರ್ಗಾದಲ್ಲಿದ್ದ ನಮ್ಮ ಮನೆಯ ಮುಂದೆ 1985ರಲ್ಲಿ ತೆಗೆದ ಚಿತ್ರದಲ್ಲಿ ಅದು ಅಜ್ಜಿಯ ಮುಖದ ಮೇಲೇ ಬಿದ್ದಿದೆ. ಅಜ್ಜಿಯ ಬೇರೊಂದು ಫೋಟೋ ನಮ್ಮಲ್ಲಿಲ್ಲ. ಆ ಚುಕ್ಕೆ ಎಲ್ಲಿಂದ ಬಂತು ಎಂದು ಹುಡುಕಹೊರಟವಳಿಗೆ ಕ್ಯಾಮರಾದ ಚರಿತ್ರೆಯೇ ಸಿಕ್ಕಿತು.

ಫೆಡ್ ರಷ್ಯದ್ದೆಂದೇ ನಾವು ತಿಳಿದಿದ್ದೆವು. ಅದು ಉಕ್ರೇನಿನ ಖಾರ್ಕಿವ್ ನಗರದ್ದು. ದಿಕ್ಕಿಲ್ಲದೆ ಬೀದಿಗೆ ಬಿದ್ದ ಮಕ್ಕಳಿಗಾಗಿ 1927ರಲ್ಲಿ ಅಲ್ಲೊಂದು ಕಮ್ಯೂನ್ ತೆರೆದರು. ಅದನ್ನು ಮೊದಲು ನಡೆಸಿದವರು ಶಿಕ್ಷಣತಜ್ಞ ಮಕರೆಂಕೊ. ಆ ಮಕ್ಕಳು ದುಡಿಯುತ್ತಿದ್ದ ಕಾರ್ಖಾನೆಯಿಂದಲೇ, ಜರ್ಮನಿಯ ಲೈಕಾವನ್ನು ನೋಡಿ ಮಾಡಿದ ಈ ಕ್ಯಾಮರಾ 1934ರಿಂದ ಹೊರಬರತೊಡಗಿತು. ಹೆಸರು ಮಾತ್ರ ಸೋವಿಯತ್ ಗುಪ್ತ ಪೊಲೀಸ್ ಪಡೆ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿಯ ಮೊದಲಕ್ಷರಗಳದು. ಮಕ್ಕಳ ದುಡಿಮೆಗೆ ಪೊಲೀಸನ ಹೆಸರು! ಶಾಲೆಯಲ್ಲೇ ಆಯುಷ್ಯ ಕಳೆದ ನನಗೆ ಇದು ಸರಿಬರಲಿಲ್ಲ.

ಇದರೊಳಗೆ ಫಿಲ್ಮಿನ ಮುಂದೆ ರಬ್ಬರು ಲೇಪಿಸಿದ ತೆಳು ಬಟ್ಟೆಯ ಎರಡು ಕಪ್ಪು ಪರದೆಗಳಿರುತ್ತವೆ. ಗುಂಡಿ ಒತ್ತಿದಾಗ ಒಂದು ಸರಿಯುತ್ತದೆ, ಇನ್ನೊಂದು ಬೆನ್ನಟ್ಟಿ ಹೋಗಿ ಮುಚ್ಚುತ್ತದೆ. ನಡುವಿನ ಸಂದಿಯಲ್ಲಿ ಬಂದ ಬೆಳಕೇ ಚಿತ್ರ. ಲೆನ್ಸಿನ ಮುಚ್ಚಳ ತೆಗೆದು ಬಿಸಿಲಿಗಿಟ್ಟರೆ, ಭೂತಗನ್ನಡಿ ಕಾಗದ ಸುಟ್ಟಂತೆ ಪರದೆ ತೂತಾಗುತ್ತದೆ. ದೊಡ್ಡಪ್ಪ ಅದನ್ನು ಜಗಲಿಯ ಮೊಳೆಗೆ ನೇತುಹಾಕುತ್ತಿದ್ದರು, ಮುಚ್ಚಳವೆಂದೋ ಕಳೆದಿತ್ತು. ನಮ್ಮ ಕರಾವಳಿಯ ತೇವದಲ್ಲಿ ರಬ್ಬರು ಬೇರೆ ಬಿರಿಯುತ್ತದೆ.

1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. ಕಾರವಾರ, ಅಂಕೋಲಾ ತಾಲೂಕುಗಳ ಎಷ್ಟೋ ಊರುಗಳು ಎದ್ದುಹೋದವು. 2005ರಲ್ಲಿ ಅಲ್ಲಿ ಐಎನ್‌ಎಸ್ ಕದಂಬ ನೆಲೆ ಶುರುವಾಗುವ ಹೊತ್ತಿಗೆ ನಾವು ಅಂಕೋಲೆಯವರಾಗಿದ್ದೆವು. ಪರಿಹಾರದ ಲೆಕ್ಕದಲ್ಲಿ ತೆಂಗಿನ ಮರ ಎಣಿಸಿದರು. ಅಜ್ಜಿ ದಿನಾ ಕೂರುತ್ತಿದ್ದ ಜಗಲಿಗೆ ಯಾವ ಲೆಕ್ಕ?

ಕ್ಯಾಮರಾವನ್ನು ಅಂಕೋಲೆ ಪೇಟೆಯ ಒಬ್ಬ ವಾಚ್ ರಿಪೇರಿಯವನಿಗೆ ತೋರಿಸಿದೆ. ಕೊಡೆಯ ಅರಿವೆ ಹಾಕಬಹುದೇ ಎಂದು ಕೇಳಿದ್ದಕ್ಕೆ ಟಾರ್ಚು ಹಿಡಿದು ತೋರಿಸಿದ: "ನೋಡಿ ಅಕ್ಕೋರೆ, ನೇಯ್ಗೆಯಲ್ಲೇ ಬೆಳಕು ಬತ್ತದೆ." ಬರಿಯ ತೂತಾದರೆ ಕಪ್ಪು ಬಣ್ಣ ಹಚ್ಚಿ ಮುಚ್ಚಬಹುದಿತ್ತು, ಇಲ್ಲಿ ಬಟ್ಟೆಯೇ ಸತ್ತಿತ್ತು. ಹೊಸ ಬಟ್ಟೆ ತರಿಸಿ, ಹಳೆಯ ಪರದೆಯನ್ನೇ ಅಳತೆಗಿಟ್ಟು ಕತ್ತರಿಸಿ, ಉರುಳೆಗಳಿಗೆ ಅಂಟಿಸಿದ. ಕೂದಲೆಳೆಯಷ್ಟು ಸೊಟ್ಟಗಾದರೂ ಸಂದಿ ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿ ಚಿತ್ರದ ಒಂದು ಪಾಲು ಕಪ್ಪಾಗುತ್ತದಂತೆ. ಎರಡು ಸಲ ಕಿತ್ತು ಮತ್ತೆ ಅಂಟಿಸಿದ. ಮೂರು ವಾರ ಹಿಡಿಯಿತು.

ಹಳೆಯ ಫೋಟೋದ ಚುಕ್ಕೆಯನ್ನು ಕಂಪ್ಯೂಟರಿನಲ್ಲಿ ಅಳಿಸಿಕೊಡುತ್ತೇನೆಂದು ತಮ್ಮನ ಮಗ ಹೇಳಿದ. ಅಳಿಸಿದ ಮೇಲೆ ಅಲ್ಲಿ ಯಾರ ಮುಖ ಬರೆಯುತ್ತೀ ಎಂದೆ. ಅವನು ಸುಮ್ಮನಾದ.

ರಿಪೇರಿಯಾದ ಮೇಲೆ ಒಂದು ರೋಲು ಹಾಕಿಸಿಕೊಂಡು ಬಸ್ಸಿನಲ್ಲಿ ಕಾರವಾರದ ಕಡೆ ಹೋದೆ. ಆರ್ಗಾದ ಬಳಿ ಹೆದ್ದಾರಿಯ ಪಕ್ಕದಲ್ಲಿ ಉದ್ದಕ್ಕೂ ಗೋಡೆ, ಫೋಟೋ ತೆಗೆಯಬಾರದೆಂಬ ಫಲಕ. ಕ್ಯಾಮರಾವನ್ನು ಚೀಲದಿಂದ ಹೊರತೆಗೆಯಲಿಲ್ಲ. ವಾಪಸು ಬರುವಾಗ ಹಾರವಾಡದಲ್ಲಿ ಇಳಿದು, ಮೀನು ಒಣಹಾಕುತ್ತಿದ್ದ ಹೆಂಗಸರನ್ನು ಕೇಳಿಕೊಂಡು ಅವರ ಚಿತ್ರ ತೆಗೆದೆ. ರೋಲು ತೊಳೆಯಲು ಬೆಂಗಳೂರಿಗೆ ಕಳಿಸಿದ್ದೇನೆ.